ನಾಲ್ಕು ಕಾಸು ಬಾಡಿಗೆ ಬಂದರೆ ಸಾಕು ಎನ್ನುವ ಮುನ್ನ



ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನಲ್ಲಿ, ಗಗನಚುಕ್ಕಿ ಜಲಪಾತದ ಮಗ್ಗುಲಲ್ಲಿ ಬ್ಲಫ್ ಎಂಬ ಪುಟ್ಟ ಊರಿದೆ. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಕಡಿದಾದ ಬಂಡೆಯಂಚು ಎಂಬ ಅರ್ಥವಿದೆ, ಯಾಮಾರಿಸುವುದು ಎಂಬ ಅರ್ಥವೂ ಇದೆ. 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದು ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ಇಲ್ಲಿಂದಲೇ. ವಿದ್ಯುದಾಗಾರದಲ್ಲಿ ದುಡಿಯುವವರಿಗೆಂದು ಕ್ವಾರ್ಟರ್ಸ್ ಕಟ್ಟಿದರು. ಕ್ವಾರ್ಟರ್ಸಿನ ಬದುಕು ಸುಖದ ಬದುಕು. ಬಾಡಿಗೆಯ ಚಿಂತೆಯಿಲ್ಲ, ನೀರಿನ ಚಿಂತೆಯಿಲ್ಲ, ಸುತ್ತ ಮರಗಳು, ಗುರುತಿನ ಜನ. ಆದರೆ ನಿವೃತ್ತಿಯ ದಿನ ಹೂವಿನ ಹಾರ ಹಾಕಿಸಿಕೊಂಡು ಬಂದ ಮೇಲೆ ಕೀಲಿಕೈ ವಾಪಸು ಕೊಡಬೇಕು. ಮೂವತ್ತು ವರ್ಷ ಗುಡಿಸಿ ಸಾರಿಸಿದ ಮನೆಯಲ್ಲಿ ಒಂದು ಇಟ್ಟಿಗೆಯೂ ನಮ್ಮದಲ್ಲ.

ನಮ್ಮ ಖಾಲಾ 31 ವರ್ಷ ಅಲ್ಲಿದ್ದರು. ಖಾಲು 2012ರಲ್ಲಿ ನಿವೃತ್ತರಾದರು. ಕೈಗೆ ಬಂದದ್ದು ಸುಮಾರು 14 ಲಕ್ಷ ರೂಪಾಯಿ. ಅಷ್ಟು ಹಣವನ್ನು ಅವರು ಒಟ್ಟಿಗೆ ಕಂಡದ್ದು ಅದೇ ಮೊದಲು, ಅದೇ ಕೊನೆ. ಸುದ್ದಿ ತಿಳಿದದ್ದೇ ಸಲಹೆ ಕೊಡುವವರು ಸಾಲುಗಟ್ಟಿದರು. ಒಬ್ಬರು ಸೈಟು ತೋರಿಸಿದರು, ಒಬ್ಬರು ಆಟೋ ತೆಗೆದು ಬಾಡಿಗೆಗೆ ಬಿಡಿ ಎಂದರು, ಇನ್ನೊಬ್ಬರು ಬೆಂಗಳೂರಿನಲ್ಲಿ ಹಣವಿಟ್ಟರೆ ತಿಂಗಳು ತಿಂಗಳು ಹಲಾಲ್ ಲಾಭ ಬರುತ್ತದೆಂದರು. ಖಾಲಾಗೆ ಇದ್ದ ಆಸೆ ಒಂದೇ. ತಲೆಯ ಮೇಲೊಂದು ಸ್ವಂತ ಸೂರು, ಅದರ ಪಕ್ಕದಲ್ಲಿ ಒಂದೆರಡು ಬಾಡಿಗೆ ಮನೆ. "ನಾಲ್ಕು ಕಾಸು ಬಾಡಿಗೆ ಬಂದರೆ ಸಾಕು, ಮಕ್ಕಳ ಮುಂದೆ ಕೈ ಚಾಚುವುದು ತಪ್ಪುತ್ತದೆ" ಎನ್ನುತ್ತಿದ್ದರು.

ಈ ಮಾತನ್ನು ನಾನು ಬಹಳ ಮಂದಿಯ ಬಾಯಲ್ಲಿ ಕೇಳಿದ್ದೇನೆ. ಮದ್ರಸಾಕ್ಕೆ ಮಕ್ಕಳನ್ನು ಬಿಡಲು ಬರುವ ತಾಯಂದಿರು ಗೇಟಿನ ಬಳಿ ನಿಂತು ಇದನ್ನೇ ಕೇಳುತ್ತಾರೆ. ಮಹ್ರ್‌ನ ಚಿನ್ನವಿದೆ, ತಂದೆಯ ಆಸ್ತಿಯಲ್ಲಿ ಬಂದ ಪಾಲಿದೆ, ಗಲ್ಫ್‌ನಲ್ಲಿರುವ ಗಂಡ ಕಳಿಸಿದ ಉಳಿತಾಯವಿದೆ. ಬ್ಯಾಂಕಿನ ಬಡ್ಡಿ ಬೇಡ, ಹಾಗೆಂದು ಹಣ ಸುಮ್ಮನೆ ಕರಗುವುದೂ ಬೇಡ. ಮನೆ ಕಟ್ಟಿ ಬಾಡಿಗೆಗೆ ಕೊಡುವುದು ಹಲಾಲಾದ ದಾರಿ, ಸಂಶಯವಿಲ್ಲ. ಆದರೆ ಹಲಾಲಾದ ದಾರಿಯಲ್ಲೂ ಹಳ್ಳಗಳಿವೆ. ಖಾಲಾ ಅದರಲ್ಲೊಂದಕ್ಕೆ ಬಿದ್ದು ಎದ್ದವರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಭೋಗ್ಯಕ್ಕೆ ಕೊಟ್ಟ ನಾಲ್ಕು ಲಕ್ಷ

ಕ್ವಾರ್ಟರ್ಸ್ ಬಿಟ್ಟು ಮಳವಳ್ಳಿಗೆ ಬಂದ ಹೊಸತರಲ್ಲಿ ಅವರು ಒಂದು ಮಹಡಿ ಮನೆಯನ್ನು ಭೋಗ್ಯಕ್ಕೆ ಹಿಡಿದರು. ನಮ್ಮ ಕಡೆ ಈಗ ಲೀಸ್ ಎಂದೇ ಹೇಳುತ್ತಾರೆ. ನಾಲ್ಕು ಲಕ್ಷ ಕೊಡುವುದು, ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ನಾಲ್ಕು ಲಕ್ಷವನ್ನೂ ಹಾಗೆಯೇ ವಾಪಸು ಪಡೆಯುವುದು. ಕೇಳಲು ಎಷ್ಟು ಚೆಂದ! ನೂರು ರೂಪಾಯಿಯ ಛಾಪಾಕಾಗದದಲ್ಲಿ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರು. 2014ರಲ್ಲಿ ಒಂದು ಬೆಳಿಗ್ಗೆ ಗೇಟಿಗೆ ಬ್ಯಾಂಕಿನ ನೋಟಿಸು ಅಂಟಿತ್ತು. ಮನೆಯೊಡೆಯ ಮೂಲ ಪತ್ರಗಳನ್ನು ಅಡವಿಟ್ಟು ಸಾಲ ತೆಗೆದಿದ್ದ, ಕಂತು ಕಟ್ಟಿರಲಿಲ್ಲ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕಿನವರು ದಾವೆ ಹೂಡದೆಯೂ ಅಂಥ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಖಾಲಾ ಸಾಮಾನು ಕಟ್ಟಿಕೊಂಡು ಹೊರಬಂದರು. ನಾಲ್ಕು ಲಕ್ಷದಲ್ಲಿ ಚೂರು ಚೂರಾಗಿ ಕೈಗೆ ಬಂದದ್ದು ಒಂದು ಲಕ್ಷದ ಅರುವತ್ತು ಸಾವಿರ. ಉಳಿದದ್ದು ಇವತ್ತಿಗೂ ಬಂದಿಲ್ಲ.

ಇಲ್ಲಿ ಎರಡು ಮಾತು ಹೇಳಬೇಕು. ಒಂದು ಕಾನೂನಿನದು. ಹಣ ಕೊಟ್ಟು, ಮನೆಯನ್ನು ಸ್ವಾಧೀನಕ್ಕೆ ಪಡೆದು, ಬಾಡಿಗೆಯ ಬದಲು ಅದನ್ನು ಅನುಭವಿಸುವುದು 1882ರ ಆಸ್ತಿ ಹಸ್ತಾಂತರ ಕಾಯ್ದೆಯಲ್ಲಿ ಒಂದು ಬಗೆಯ ಅಡಮಾನ. ಅದಕ್ಕೆ ನೋಂದಣಿ ಕಡ್ಡಾಯ. ಮುದ್ರಾಂಕ ಶುಲ್ಕ ಉಳಿಸಲೆಂದು ಎರಡೂ ಕಡೆಯವರು ಸೇರಿ ಛಾಪಾಕಾಗದದಲ್ಲೇ ಮುಗಿಸುತ್ತಾರೆ. ಜಗಳ ಬಂದಾಗ ಆ ಕಾಗದಕ್ಕೆ ಬಲವಿರುವುದಿಲ್ಲ.

ಇನ್ನೊಂದು ದೀನ್‌ಗೆ ಸಂಬಂಧಿಸಿದ್ದು. ಪೂರ್ತಿ ವಾಪಸು ಬರುವ ಹಣ ಕೊಟ್ಟರೆ ಅದು ಸಾಲ, ಕರ್ಜ್. ಆ ಸಾಲ ಕೊಟ್ಟ ಕಾರಣಕ್ಕಾಗಿಯೇ ಮನೆಯಲ್ಲಿ ಪುಕ್ಕಟೆ ವಾಸ ಸಿಗುತ್ತಿದೆ. ಸಾಲದಿಂದ ಷರತ್ತಿನ ಮೇಲೆ ಪಡೆಯುವ ಲಾಭ ಬಡ್ಡಿಯ ಸಾಲಿಗೆ ಸೇರುತ್ತದೆಂದು ಫಿಕ್ಹ್‌ನ ಗ್ರಂಥಗಳಲ್ಲಿ ಓದಿದ್ದೇವೆ. ಆದ್ದರಿಂದಲೇ ಬಹುಪಾಲು ಉಲಮಾಗಳು ಬಾಡಿಗೆಯೇ ಇಲ್ಲದ ಈ ಭೋಗ್ಯವನ್ನು ಒಪ್ಪುವುದಿಲ್ಲ. ಬ್ಯಾಂಕಿನ ಬಡ್ಡಿಯೆಂದರೆ ಬೆಚ್ಚಿಬೀಳುವ ಎಷ್ಟೋ ಕುಟುಂಬಗಳು ಇದರಲ್ಲಿ ತಪ್ಪೇನಿದೆ ಎಂದುಕೊಂಡಿವೆ. ನಿಮ್ಮ ಊರಿನ ಆಲಿಮರನ್ನು ಕೇಳಿ ನೋಡಿ. ಬಾಡಿಗೆ ಬಾಡಿಗೆಯಾಗಿರಲಿ, ಅಡ್ವಾನ್ಸ್ ಅಡ್ವಾನ್ಸ್ ಆಗಿರಲಿ. ಕೊಡುವವರಿಗೂ ಪಡೆಯುವವರಿಗೂ ಅದೇ ನಿರಾಳ.

ಬಾಡಿಗೆಗೆ ಯಾರು ಬರುತ್ತಾರೆ?

ಉಳಿದ ಹತ್ತು ಲಕ್ಷವನ್ನು ಖಾಲಾ ಬಿಗಿಯಾಗಿ ಹಿಡಿದುಕೊಂಡರು. ಒಬ್ಬರು ಬಂದು ಬ್ಲಫ್ ಹತ್ತಿರವೇ ಜಾಗವಿದೆ, ಜಲಪಾತ ನೋಡಲು ಬರುವವರಿಗೆ, ಮರ್ದಾನೆ ಗೈಬ್ ದರ್ಗಾಕ್ಕೆ ಬರುವವರಿಗೆ ರೂಮುಗಳನ್ನು ಕಟ್ಟಿ ಎಂದರಂತೆ. ಅಲ್ಲೇ ಬದುಕಿದ್ದ ಖಾಲಾಗೆ ಗೊತ್ತಿತ್ತು. ಮಳೆಗಾಲದಲ್ಲಿ ನೀರು ಧುಮುಕುವಾಗ ಜನ ಮುಗಿಬೀಳುತ್ತಾರೆ, ಅದೂ ಭಾನುವಾರ. ಸಂಜೆಗೆ ಬಸ್ಸು ಹತ್ತಿ ಹೋಗುತ್ತಾರೆ. ನೀರು ಇಳಿದ ಮೇಲೆ ಬಂಡೆ ನೋಡಲು ಯಾರು ಬರುತ್ತಾರೆ? ಇನ್ನು ಸ್ಥಿರವಾಗಿ ವಾಸಿಸುವ ನೌಕರರಿಗೆ ಅಲ್ಲಿ ಕ್ವಾರ್ಟರ್ಸ್ ಇದೆ. ಬಾಡಿಗೆ ಮನೆ ಕೇಳುವವರು ಬೆರಳೆಣಿಕೆಯಷ್ಟು.

ಮನೆ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಬೀದಿಯಲ್ಲಿ ತಿಂಗಳ ಸಂಬಳದವರು ಯಾರಿದ್ದಾರೆ, ಅವರು ಯಾಕೆ ಇಲ್ಲೇ ಇರಬೇಕು? ಮಂಡ್ಯದಲ್ಲಿ 1962ರಿಂದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿದೆ, 2006ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ನರ್ಸುಗಳು, ವಿದ್ಯಾರ್ಥಿಗಳು, ಕೋರ್ಟು ಕಚೇರಿಗಳ ಸಿಬ್ಬಂದಿ ಮನೆ ಹುಡುಕುತ್ತಲೇ ಇರುತ್ತಾರೆ. ಮದ್ದೂರಿಗೆ ರೈಲಿದೆ, ಪಕ್ಕದ ಗೆಜ್ಜಲಗೆರೆಯಲ್ಲಿ ಹಾಲಿನ ಡೇರಿ, ಕಾರ್ಖಾನೆಗಳಿವೆ. ಕೆ.ಎಂ. ದೊಡ್ಡಿಯಲ್ಲಿ ಕಾಲೇಜೂ ಸಕ್ಕರೆ ಕಾರ್ಖಾನೆಯೂ ಇವೆ. ಮಳವಳ್ಳಿಯಲ್ಲಿ ತಾಲೂಕು ಕಚೇರಿ, ಆಸ್ಪತ್ರೆ, ಶಾಲೆಗಳ ಮೇಷ್ಟ್ರುಗಳು. ಸಣ್ಣ ಊರಿನಲ್ಲಿ ಬಾಡಿಗೆ ಕಡಿಮೆ, ನಿಜ. ಸೈಟಿನ ಬೆಲೆಯೂ ಕಡಿಮೆ.

ಬ್ರೋಕರುಗಳು ಈಗ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಹೆಸರು ಹೇಳುತ್ತಾರೆ. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾದ ಮೇಲೆ ಸೈಟುಗಳ ಬೆಲೆ ಏರಿತು. ಆದರೆ ಮದ್ದೂರಿನ ಹಳೆಯ ರಸ್ತೆಯ ಹೋಟೆಲು, ಅಂಗಡಿಗಳ ವ್ಯಾಪಾರ ಕುಸಿಯಿತು. ಗಾಡಿಗಳು ಊರಿನಲ್ಲಿ ನಿಲ್ಲದೆ ಹಾದುಹೋಗುತ್ತವಲ್ಲ. ಸೈಟಿನ ಬೆಲೆ ಏರಿದರೆ ಬಾಡಿಗೆಯೂ ಏರುತ್ತದೆಂಬ ಖಾತ್ರಿಯಿಲ್ಲ. ಬಾಡಿಗೆ ಕೊಡುವವರು ಸಂಬಳ ನೋಡಿ ಕೊಡುತ್ತಾರೆಯೇ ಹೊರತು ನಿಮ್ಮ ಸೈಟಿನ ಬೆಲೆ ನೋಡಿಯಲ್ಲ.

ಕಾಗದಪತ್ರ ನೋಡುವ ಕಣ್ಣು

ಖಾಲಾ ಕೊನೆಗೆ ನೋಡಿದ್ದು ಮಳವಳ್ಳಿಯಲ್ಲಿ 30x40 ಸೈಟಿನ ಒಂದು ಹಳೆಯ ಮನೆ. ಮುಂದೆ ಒಡೆಯರ ಭಾಗ, ಹಿಂದೆ ಎರಡು ಸಣ್ಣ ಬಾಡಿಗೆ ಮನೆ. ನಮ್ಮ ಹಿರಿಯರು ವಠಾರ ಎನ್ನುತ್ತಿದ್ದರಲ್ಲ, ಅದರ ಚಿಕ್ಕ ರೂಪ. ಬೆಲೆ 9 ಲಕ್ಷ. ಒಮ್ಮೆ ಕೈ ಸುಟ್ಟುಕೊಂಡಿದ್ದರಿಂದ ಈ ಬಾರಿ ಗೋಡೆ ನೋಡುವ ಮೊದಲು ಪತ್ರ ಕೇಳಿದರು. ಮಾರುವವರು ಝೆರಾಕ್ಸ್ ಕೊಟ್ಟರು. "ಅಸಲು ತನ್ನಿ, ಇಲ್ಲೇ ಕುಳಿತು ನೋಡಿ ಕೊಡುತ್ತೇನೆ" ಎಂದರು ಖಾಲಾ. ಉರ್ದು ಬಿಟ್ಟರೆ ಬೇರೆ ಓದು ಅವರಿಗೆ ಅಷ್ಟಕ್ಕಷ್ಟೇ. ಓದಿದ್ದು ಅವರ ಮಗಳು, ಜೊತೆಗೆ ಎರಡು ಸಾವಿರ ರೂಪಾಯಿ ಕೊಟ್ಟು ನೇಮಿಸಿದ ವಕೀಲರು. ಒಂಬತ್ತು ಲಕ್ಷದ ವ್ಯವಹಾರದಲ್ಲಿ ಎರಡು ಸಾವಿರ ಉಳಿಸಲು ಹೋಗಬೇಡಿ.

ಋಣಭಾರ ಪತ್ರವನ್ನು, ಅಂದರೆ ಇಸಿಯನ್ನು, ಈಗ ಕಾವೇರಿ ಜಾಲತಾಣದಲ್ಲೇ ತೆಗೆಯಬಹುದು. ಕನಿಷ್ಠ 30 ವರ್ಷದ್ದು ತೆಗೆಸಿ. ಆದರೆ ಇಸಿ ಶುದ್ಧವಾಗಿದೆ ಎಂದ ಮಾತ್ರಕ್ಕೆ ಸಾಲವಿಲ್ಲ ಎಂದಲ್ಲ. ಮೂಲ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೆಲವೊಮ್ಮೆ ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ಅಸಲನ್ನು ಕಣ್ಣಾರೆ ನೋಡಬೇಕು. ಬ್ಯಾಂಕಿನ ಅಡಮಾನಗಳನ್ನು ದಾಖಲಿಸುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲೂ ಸಣ್ಣ ಶುಲ್ಕ ಕಟ್ಟಿ ಹುಡುಕಿಸಬಹುದು.

ಜಮೀನನ್ನು ತುಂಡು ಮಾಡಿ ಮಾರುವ ರೆವಿನ್ಯೂ ಸೈಟಿನ ಬಗ್ಗೆ ಎಚ್ಚರ. ಕೃಷಿಭೂಮಿಯನ್ನು ವಾಸಕ್ಕೆ ಬಳಸಲು 1964ರ ಭೂಕಂದಾಯ ಕಾಯ್ದೆಯಡಿ ಪರಿವರ್ತನೆ ಆಗಿರಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ, ಪುರಸಭೆಯಾದರೆ ಇ-ಖಾತೆ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆಯ ಪ್ರಕಾರ ಸರಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. 2023ರ ತಿದ್ದುಪಡಿಯ ನಂತರ, ಎಷ್ಟು ವರ್ಷ ಕಳೆದರೂ ಅವರು ಅದನ್ನು ವಾಪಸು ಕೇಳಬಹುದು. ಬಡವರ ಜಮೀನು ಬಡವರಲ್ಲೇ ಉಳಿಯಲೆಂದು ಮಾಡಿದ ಕಾನೂನು ಅದು. ಅಗ್ಗಕ್ಕೆ ಸಿಗುತ್ತದೆಂದು ಹೋಗುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ವಕ್ಫ್ ಜಾಗದ ವಿಷಯ ಬೇರೆ ಹೇಳಬೇಕಾಗಿಲ್ಲ. ಅಲ್ಲಾಹನ ಹೆಸರಿಗೆ ಬಿಟ್ಟದ್ದನ್ನು ಮಾರುವವನಿಗೂ ಹಕ್ಕಿಲ್ಲ, ಕೊಳ್ಳುವವನಿಗೂ ಹಕ್ಕಿಲ್ಲ.

ಇನ್ನು ನಮ್ಮ ಸಮುದಾಯದ ಒಂದು ದೋಷ. ಖಾಲಾ ಕೊಳ್ಳಲಿದ್ದ ಮನೆಯನ್ನು ಮಾರುತ್ತಿದ್ದವರು ಅಣ್ಣತಮ್ಮಂದಿರು ಇಬ್ಬರು. ತಂದೆಯಿಂದ ಬಂದ ಆಸ್ತಿ. ವಂಶವೃಕ್ಷ ತರಿಸಿದಾಗ ಮೂವರು ತಂಗಿಯರ ಹೆಸರು ಕಂಡಿತು. "ಅವರಿಗೆ ಮದುವೆಯಲ್ಲೇ ಕೊಟ್ಟಾಯಿತು, ಅವರ ಸಹಿ ಬೇಕಿಲ್ಲ" ಎಂದರು ಅಣ್ಣ. ಸಹೋದರಿಯರೇ, ಮದುವೆಗೆ ಮಾಡಿದ ಖರ್ಚು ವಿರಾಸತ್ ಅಲ್ಲ. ತಂದೆತಾಯಿ ಬಿಟ್ಟುಹೋದದ್ದರಲ್ಲಿ, ಅದು ಸ್ವಲ್ಪವಿರಲಿ ಹೆಚ್ಚಿರಲಿ, ಹೆಣ್ಣಿಗೂ ಪಾಲಿದೆ ಎಂದು ಸೂರಃ ಅನ್ನಿಸಾದ 7ನೇ ಆಯತ್ ಸ್ಪಷ್ಟಪಡಿಸಿದೆ. ಕಾನೂನಿನ ಪ್ರಕಾರವೂ ತಂಗಿಯರ ಸಹಿಯಿಲ್ಲದ ಕ್ರಯದಿಂದ ಅವರ ಪಾಲು ಕೊಂಡವರಿಗೆ ಸೇರುವುದಿಲ್ಲ. ನಾಳೆ ಅವರೋ ಅವರ ಮಕ್ಕಳೋ ದಾವೆ ಹೂಡಿದರೆ ಅಲೆಯಬೇಕಾದವರು ನೀವು.

ಖಾಲಾ ಪಟ್ಟು ಹಿಡಿದರು. ಒಬ್ಬ ತಂಗಿ ಚನ್ನಪಟ್ಟಣದಿಂದ, ಒಬ್ಬಾಕೆ ಮೈಸೂರಿನಿಂದ ಬಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ತಮ್ಮ ಪಾಲಿನ ಹಣ ಪಡೆದರು. ಮೂರನೆಯವರು ತೀರಿಕೊಂಡಿದ್ದರು, ಅವರ ಗಂಡ, ಮಕ್ಕಳು ಬಂದರು. ಎರಡು ತಿಂಗಳು ತಡವಾಯಿತು. ಅಣ್ಣನ ಮುಖ ಊದಿಕೊಂಡಿತ್ತು. ಆದರೆ ಆ ದಿನ ಕಚೇರಿಯ ಮೆಟ್ಟಿಲ ಮೇಲೆ ಚನ್ನಪಟ್ಟಣದ ಆ ಹೆಂಗಸು ಖಾಲಾರ ಕೈ ಹಿಡಿದುಕೊಂಡು ಅತ್ತರಂತೆ. ತಂದೆಯ ಮನೆಯಲ್ಲಿ ತನಗೂ ಪಾಲಿದೆ ಎಂದು ಮೊದಲ ಬಾರಿ ಹೇಳಿದ್ದು ಪರಕೀಯರೊಬ್ಬರು.

ಯಾರ ಹೆಸರಿಗೆ?

ಕ್ರಯಪತ್ರ ಖಾಲಾರ ಹೆಸರಿಗೇ ಆಯಿತು. 9 ಲಕ್ಷದಲ್ಲಿ 5 ಲಕ್ಷ ಅವರದ್ದೇ; ತಂದೆಯ ಜಮೀನಿನ ಪಾಲಿಗೆ ತಮ್ಮಂದಿರು ಕೊಟ್ಟ ಹಣ. ಉಳಿದ 4 ಲಕ್ಷವನ್ನು ಖಾಲು ಹಿಬಾ ಎಂದು ಕೊಟ್ಟರು. ಮಕ್ಕಳನ್ನು ಕೂರಿಸಿಕೊಂಡು, ಅವರೆದುರೇ ಹೇಳಿ ಕೊಟ್ಟರು. ಹಿಬಾ ಆಗಬೇಕಾದರೆ ಕೊಡುವವರು ಕೊಟ್ಟೆ ಎನ್ನಬೇಕು, ಪಡೆಯುವವರು ಒಪ್ಪಬೇಕು, ವಸ್ತು ಕೈಗೆ ಬರಬೇಕು. ಮಕ್ಕಳ ಹಕ್ಕು ತಪ್ಪಿಸುವ ಉದ್ದೇಶ ಇರಕೂಡದು. ಗೊತ್ತಿರುವ ಆದಾಯದಿಂದ ಹೆಂಡತಿಯ ಹೆಸರಿನಲ್ಲಿ ಆಸ್ತಿ ಕೊಂಡರೆ ಅದು ಬೇನಾಮಿ ಆಗುವುದಿಲ್ಲ, ಕಾಯ್ದೆಯಲ್ಲೇ ವಿನಾಯಿತಿ ಇದೆ. ಹಣ ಬ್ಯಾಂಕಿನ ಮೂಲಕ ಹೋಗಲಿ, ಲೆಕ್ಕಕ್ಕೆ ಸಿಗಲಿ.

ಇದರ ಬೆಲೆ ತಿಳಿದದ್ದು 2020ರಲ್ಲಿ. ಆ ವರ್ಷ ಖಾಲು ತೀರಿಕೊಂಡರು. ಇನ್ನಾ ಲಿಲ್ಲಾಹಿ. ಮನೆ ಅವರ ಹೆಸರಿನಲ್ಲಿದ್ದಿದ್ದರೆ ಮಕ್ಕಳಿರುವ ವಿಧವೆಗೆ ಬರುವ ಪಾಲು ಎಂಟನೇ ಒಂದು. ಅಲ್ಲಾಹನ ಹಂಚಿಕೆಯಲ್ಲಿ ಕೊರತೆಯಿಲ್ಲ, ತಾಯಿಯನ್ನು ನೋಡಿಕೊಳ್ಳುವ ಹೊಣೆಯನ್ನು ಮಕ್ಕಳ ಮೇಲೂ ಹಾಕಲಾಗಿದೆ. ಆದರೆ ಹೆಂಡತಿಯ ಸ್ವಂತ ಹಣವನ್ನೂ ಗಂಡನ ಹೆಸರಿನ ಆಸ್ತಿಗೆ ಸುರಿದು, ಆಮೇಲೆ ಅದನ್ನು ಎಂಟು ಭಾಗ ಮಾಡಿ ಒಂದನ್ನು ಅವಳಿಗೆ ಕೊಡುವುದು ಆ ಹಂಚಿಕೆಯಲ್ಲ. ಮಹ್ರ್‌ನ ಚಿನ್ನ ಮಾರಿ ಮನೆ ಕಟ್ಟಿದ ಎಷ್ಟು ಮಂದಿಯ ಹೆಸರು ಪತ್ರದಲ್ಲಿದೆ? ಇದನ್ನು ಓದಿದ ರಾತ್ರಿ ಮನೆಯಲ್ಲಿ ಜಗಳವಾಡಿ ಎಂದು ನಾನು ಹೇಳುತ್ತಿಲ್ಲ. ಯಾರ ಹಣ ಎಷ್ಟು ಎಂಬುದನ್ನು ಕನಿಷ್ಠ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿಡಿ. ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್, ಸೂರಃ ಅಲ್ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ನಂಬಿಕೆ ಇಲ್ಲದ್ದಕ್ಕೆ ಬರೆಯುವುದಲ್ಲ, ನಂಬಿಕೆ ಉಳಿಯಲೆಂದು ಬರೆಯುವುದು.

ಸಾಲವಿಲ್ಲದೆ ಕಟ್ಟಿದ ಮಹಡಿ

ಮನೆ ಕೊಂಡ ಮೇಲೆ ಕೈಯಲ್ಲಿ ಉಳಿದದ್ದು 6 ಲಕ್ಷ. ಮೇಲೊಂದು ಮಹಡಿ ಏರಿಸಬೇಕಿತ್ತು. ಬ್ಯಾಂಕಿನ ಸಾಲ ಬೇಡ. ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕ್ ಇಲ್ಲ; ಇಸ್ಲಾಮಿಕ್ ಬ್ಯಾಂಕಿಂಗಿನ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಈ ಕೊರತೆಯಲ್ಲೇ ಹಲಾಲ್ ಎಂಬ ಹೆಸರಿನ ಅಂಗಡಿಗಳು ಹುಟ್ಟಿಕೊಳ್ಳುತ್ತವೆ. ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಮುಚ್ಚಿದಾಗ ಸಾವಿರಾರು ಕುಟುಂಬಗಳು, ಅದರಲ್ಲೂ ಒಡವೆ ಮಾರಿ ಹಣವಿಟ್ಟ ಹೆಂಗಸರು, ರಸ್ತೆಯಲ್ಲಿ ನಿಂತು ಅತ್ತದ್ದನ್ನು ನಾವು ಟಿವಿಯಲ್ಲಿ ನೋಡಿದ್ದೇವೆ. ನಿಮ್ಮ ಹಣ ಯಾವ ವ್ಯಾಪಾರದಲ್ಲಿದೆ ಎಂದು ಬೆರಳು ಮಾಡಿ ತೋರಿಸಲಾಗದವನು ಗಡ್ಡ ಬಿಟ್ಟಿದ್ದರೂ ಟೋಪಿ ಹಾಕಿದ್ದರೂ ಅವನ ಕೈಗೆ ಹಣ ಕೊಡಬೇಡಿ.

ಖಾಲಾ ಮೂರು ವರ್ಷ ಕಾದು 2018ರಲ್ಲಿ ಮಹಡಿ ಕಟ್ಟಿದರು. ಬೀದಿಯ ಹೆಂಗಸರ ಜೊತೆ ಹರಾಜಿಲ್ಲದ ಚೀಟಿ ಹಾಕಿ ಎರಡು ಲಕ್ಷ ಎತ್ತಿದರು. ಎಲ್ಲರೂ ಸಮ ಹಾಕಿ, ಎಲ್ಲರೂ ಸಮ ಪಡೆಯುವ ಚೀಟಿ ಅದು. ಉಳಿದಿದ್ದ ಬಳೆಗಳನ್ನು ಮಾರಿದರು. ಹಣ ಮುಗಿದಾಗ ಕೆಲಸ ನಿಲ್ಲಿಸಿದರು, ಕೂಡಿದಾಗ ಮತ್ತೆ ಶುರು. ಕಿಟಕಿಗಳಿಗೆ ಆರು ತಿಂಗಳು ಗೋಣಿತಾಟು ಕಟ್ಟಿತ್ತು. ನೋಡಿ ನಕ್ಕವರಿದ್ದರು. ಒಟ್ಟು ಖರ್ಚು, ಹಳೆಯ ಮನೆಯ ರಿಪೇರಿ ಸೇರಿ, ಹತ್ತು ಲಕ್ಷ. ಅಣ್ಣತಮ್ಮ, ಅಕ್ಕತಂಗಿ ಸೇರಿ ಪಾಲುದಾರಿಕೆಯಲ್ಲಿ ಕಟ್ಟುವುದೂ ಒಂದು ದಾರಿ. ಹಾಕಿದ ಹಣದ ಪ್ರಮಾಣದಲ್ಲಿ ಬಾಡಿಗೆ ಹಂಚಿಕೊಂಡು, ಒಬ್ಬರು ಇನ್ನೊಬ್ಬರ ಪಾಲನ್ನು ಮೆಲ್ಲಗೆ ಕೊಂಡುಕೊಳ್ಳಬಹುದು. ಪಾಲೆಷ್ಟು, ಹೊರಬರುವುದು ಹೇಗೆ ಎಂದು ಮೊದಲೇ ಬರೆದಿರಬೇಕು ಅಷ್ಟೆ.

ಕಟ್ಟುವಾಗ ಹೆಂಗಸಿನ ಕಣ್ಣಿಗೆ ಮಾತ್ರ ಕಾಣುವ ಕೆಲವು ವಿಷಯಗಳಿವೆ. ಮೇಲಿನ ಮನೆಗೆ ಮೆಟ್ಟಿಲು ಹೊರಗಿನಿಂದಲೇ ಇರಲಿ. ಬಾಡಿಗೆಯವರು ನಿಮ್ಮ ಅಂಗಳ ದಾಟಿ ಹೋಗುವಂತಿದ್ದರೆ ನಿಮಗೂ ಪರ್ದಾ ಇಲ್ಲ, ಅವರಿಗೂ ಸ್ವಾತಂತ್ರ್ಯವಿಲ್ಲ. ಹಳೆಯ ವಠಾರಗಳ ಜಗಳವೆಲ್ಲ ನಲ್ಲಿ, ಬಚ್ಚಲು, ಕಕ್ಕಸಿನ ಜಗಳ. ಪ್ರತಿ ಮನೆಗೂ ಅವು ಬೇರೆಯೇ ಇರಲಿ. ಕರೆಂಟಿನ ಮೀಟರೂ ಬೇರೆ ಬೇರೆ ಇರಬೇಕು. 2023ರ ಆಗಸ್ಟ್‌ನಿಂದ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಒಂದೇ ಮೀಟರಿನಲ್ಲಿ ಮೂರು ಮನೆ ಓಡಿಸಿದರೆ ಅವರಿಗೆ ಆ ಅನುಕೂಲ ತಪ್ಪುತ್ತದೆ, ತಿಂಗಳ ಕೊನೆಗೆ ಯಾರ ಫ್ಯಾನು ಎಷ್ಟು ತಿರುಗಿತು ಎಂಬ ಚರ್ಚೆ ಬೇರೆ. ಮಹಡಿಗೆ ಪುರಸಭೆಯ ಪರವಾನಗಿ ಇಲ್ಲದಿದ್ದರೆ ಹೊಸ ಮೀಟರ್ ಸಿಗುವುದೇ ಕಷ್ಟ.

ಬಂದದ್ದೆಷ್ಟು, ಉಳಿದದ್ದೆಷ್ಟು

ಈಗ ಖಾಲಾ ಮುಂದಿನ ಭಾಗದಲ್ಲಿದ್ದಾರೆ. ಹಿಂದಿನ ಎರಡು, ಮೇಲಿನ ಒಂದು, ಮೂರು ಮನೆಗಳಿಂದ ತಲಾ 5,500 ರೂಪಾಯಿ ಬಾಡಿಗೆ. ವರ್ಷಕ್ಕೆ 1,98,000. ಇಷ್ಟೇ ನೋಡಿದರೆ ಮೋಸ ಹೋಗುತ್ತೇವೆ. ಒಂದೊಂದು ಮನೆ ವರ್ಷದಲ್ಲಿ ಒಂದು ತಿಂಗಳು ಖಾಲಿ ಬೀಳುತ್ತದೆಂದು ಅವರು ಮೊದಲೇ 16,500 ಕಳೆಯುತ್ತಾರೆ. ಕಂದಾಯಕ್ಕೆ ಆರು ಸಾವಿರ, ಸುಣ್ಣಬಣ್ಣ, ನಲ್ಲಿ, ಮೋಟಾರು ಎಂದು ಇಪ್ಪತ್ತು ಸಾವಿರ ತೆಗೆದಿಡುತ್ತಾರೆ. ಕೈಗೆ ಉಳಿಯುವುದು ಒಂದೂವರೆ ಲಕ್ಷದ ಮೇಲೆ ಚೂರು. ಹಾಕಿದ ಇಪ್ಪತ್ತು ಲಕ್ಷಕ್ಕೆ ನೂರಕ್ಕೆ ಏಳೂವರೆ ರೂಪಾಯಿಯಷ್ಟಾಯಿತು. ಅದೇ ಮನೆಯನ್ನು ಇವತ್ತಿನ ಬೆಲೆಗೆ, ನಲವತ್ತು ಲಕ್ಷಕ್ಕೆ ಕೊಂಡವರಿಗೆ ನೂರಕ್ಕೆ ನಾಲ್ಕೂ ಬರುವುದಿಲ್ಲ. ಜೊತೆಗೆ ಮುದ್ರಾಂಕ ಶುಲ್ಕ ಮತ್ತು 2025ರ ಆಗಸ್ಟ್ ಕೊನೆಯಲ್ಲಿ ದುಪ್ಪಟ್ಟಾದ ನೋಂದಣಿ ಶುಲ್ಕ ಸೇರಿ ಬೆಲೆಯ ಮೇಲೆ ನೂರಕ್ಕೆ ಏಳೂವರೆಗೂ ಮಿಕ್ಕಿ ಖರ್ಚಿದೆ. ಬಾಡಿಗೆ ಮನೆಯಿಂದ ಯಾರೂ ರಾತ್ರೋರಾತ್ರಿ ಶ್ರೀಮಂತರಾಗುವುದಿಲ್ಲ. ತಿಂಗಳ ರೇಷನ್ನು, ಔಷಧಿ ನಡೆಯುತ್ತದೆ. ಇರುವ ಹಣವೆಲ್ಲವನ್ನೂ ಗೋಡೆಗೆ ಹಾಕಬೇಡಿ. ಆರು ತಿಂಗಳ ಖರ್ಚಿನಷ್ಟು ಕೈಯಲ್ಲಿರಲಿ. ಕಾಯಿಲೆ ಬಂದ ದಿನ ಗೋಡೆಯಿಂದ ಇಟ್ಟಿಗೆ ಕಿತ್ತು ಮಾರಲಾಗುವುದಿಲ್ಲ.

ಝಕಾತ್‌ನ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಬಾಡಿಗೆಗೆ ಕೊಟ್ಟ ಮನೆಯ ಬೆಲೆಯ ಮೇಲೆ ಝಕಾತ್ ಇಲ್ಲ. ಬಂದ ಬಾಡಿಗೆ ಖರ್ಚಾಗಿ ಉಳಿದದ್ದು, ನಿಮ್ಮಲ್ಲಿರುವ ಇತರ ಹಣ, ಚಿನ್ನದ ಜೊತೆ ಸೇರಿ ನಿಸಾಬ್ ತಲುಪಿ ವರ್ಷ ಪೂರ್ತಿಯಾದರೆ ನೂರಕ್ಕೆ ಎರಡೂವರೆ. ಆದರೆ ಬೆಲೆ ಏರಿದಾಗ ಮಾರಬೇಕೆಂದೇ ಕೊಂಡ ಸೈಟು ವ್ಯಾಪಾರದ ಸರಕು. ಅದರ ಮಾರುಕಟ್ಟೆ ಬೆಲೆಯ ಮೇಲೆ ಪ್ರತಿವರ್ಷ ಝಕಾತ್ ಇದೆ. ಇದನ್ನು ಮರೆತವರೇ ಹೆಚ್ಚು.

ಬಾಡಿಗೆಗೆ ಬಂದವರು

ಒಪ್ಪಂದ 11 ತಿಂಗಳದ್ದು ಯಾಕೆಂದರೆ ವರ್ಷ ಮೀರಿದ ಗುತ್ತಿಗೆಗೆ 1908ರ ಕಾಯ್ದೆಯಂತೆ ನೋಂದಣಿ ಬೇಕು. ಬಾಡಿಗೆ ಎಷ್ಟು, ಎಷ್ಟು ದಿನಕ್ಕೆ, ರಿಪೇರಿ ಯಾರದು, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ, ಎಲ್ಲ ಬರೆದಿರಲಿ. ಬರೆಯದೆ ಹಿಡಿದುಕೊಂಡ ಒಂದು ತಿಂಗಳ ಅಡ್ವಾನ್ಸು ನಮಗೆ ಹಲಾಲ್ ಅಲ್ಲ. ಸೂರು ಸೋರಿದರೆ, ಗೋಡೆ ಬಿರುಕು ಬಿಟ್ಟರೆ ಅದು ಒಡೆಯರ ಹೊಣೆ. ಖಾಲಾ ಅಡ್ವಾನ್ಸ್ ಹಣವನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟುವುದಿಲ್ಲ. ಅದು ಅವರ ಹಣವಲ್ಲ. ಬಾಡಿಗೆ ತಡವಾಯಿತೆಂದು ನೀರು, ಕರೆಂಟು ಕತ್ತರಿಸುವುದು ಕಾನೂನಿಗೂ ವಿರುದ್ಧ, ದೀನ್‌ಗೂ ವಿರುದ್ಧ. ಬಿಡಿಸಬೇಕಾದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಕೊಡುವ ಕ್ರಮವಿದೆ. 2020ರ ಲಾಕ್‌ಡೌನಿನಲ್ಲಿ ಹಿಂದಿನ ಮನೆಯ ಟೈಲರನಿಗೆ ಎರಡು ತಿಂಗಳ ಬಾಡಿಗೆ ಬಿಟ್ಟುಕೊಟ್ಟರು. ಆತ ಇವತ್ತಿಗೂ ಅಲ್ಲೇ ಇದ್ದಾನೆ. ಹೊಸಬರಿಗಾಗಿ ಕಾದು ಮನೆ ಖಾಲಿ ಬಿದ್ದಿದ್ದರೆ ಆಗುತ್ತಿದ್ದ ನಷ್ಟ ಅದಕ್ಕಿಂತ ಹೆಚ್ಚು ಎಂದು ಖಾಲಾ ಲೆಕ್ಕ ಹೇಳುತ್ತಾರೆ.

ಹೆಸರು ಕೇಳಿದ ಕೂಡಲೇ ಮನೆಯಿಲ್ಲ ಎನ್ನಿಸಿಕೊಂಡ ಅನುಭವ ನಮ್ಮಲ್ಲಿ ಬಹಳ ಮಂದಿಗಿದೆ. ಆ ನೋವು ಉಂಡವರು ಇನ್ನೊಬ್ಬರಿಗೆ ಅದನ್ನೇ ಬಡಿಸಬಾರದು. ಖಾಲಾರ ಮೂರು ಮನೆಗಳಲ್ಲಿ ಒಂದರಲ್ಲಿ ಟೈಲರ್ ಅನ್ಸಾರಿಗಳು, ಒಂದರಲ್ಲಿ ಲಿಂಗಾಯತ ಮೇಷ್ಟ್ರ ಸಂಸಾರ. ಅಂಗಡಿ ಕಟ್ಟಿದವರು ಮಾತ್ರ ಹೆಂಡದಂಗಡಿಗೂ ಬಡ್ಡಿ ಫೈನಾನ್ಸಿಗೂ ಕೊಡುವಂತಿಲ್ಲ, ಅದು ಬೇರೆ ವಿಷಯ.

ಕಳೆದ ತಿಂಗಳು ಮೇಲಿನ ಮನೆಯಲ್ಲಿದ್ದ ನರ್ಸ್‌ಗೆ ಮೈಸೂರಿಗೆ ವರ್ಗವಾಯಿತು. ಮನೆ ಖಾಲಿಯಾದ ವಾರದಲ್ಲೇ ಒಬ್ಬರು ಬಂದು, ಬಾಡಿಗೆ ಬೇಡ, ಆರು ಲಕ್ಷ ಕೊಡುತ್ತೇನೆ, ಮೂರು ವರ್ಷ ಭೋಗ್ಯಕ್ಕೆ ಕೊಡಿ ಎಂದರು. ಆ ಹಣದಲ್ಲಿ ಇನ್ನೊಂದು ಮಹಡಿ ಏಳುತ್ತಿತ್ತು. ಮಗನೂ ಒಪ್ಪಿಬಿಡು ಅಮ್ಮಿ ಎಂದ. ಖಾಲಾ ಅವರಿಗೆ ಚಹಾ ಕೊಟ್ಟು ಕಳಿಸಿದರು. ನಲವತ್ತು ದಿನ ಮನೆ ಖಾಲಿಯಿತ್ತು. ಮೊನ್ನೆ ಜುಮಾದ ದಿನ ಕೆ.ಎಂ. ದೊಡ್ಡಿಯ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಹುಡುಗಿ ತಾಯಿಯನ್ನು ಕರೆದುಕೊಂಡು ಬಂದು ನೋಡಿದಳು. ತಿಂಗಳಿಗೆ 5,500, ಅಡ್ವಾನ್ಸ್ ಮೂವತ್ತು ಸಾವಿರ. ಒಪ್ಪಂದದ ಕಾಗದವನ್ನು ಓದಿ ಹೇಳಲು ಖಾಲಾ ನನ್ನನ್ನು ಕರೆಸಿದ್ದರು.